ಕೈ ಎಲ್ಲಿಡಬೇಕು?

ನನಗೊಂದು ಅಭ್ಯಾಸ ಅಂಟಿಕೊಂಡಿದೆ. ಎಲ್ಲಿ ಕೂತರೂ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ತೂರಿಸಿ, ಅವುಗಳ ಮೇಲೆ ಭಾರ ಹಾಕಿ ಕೂರುತ್ತೇನೆ. ಮೆಟ್ರೊದಲ್ಲಿ ಹಾಗೇ, ಕಾಲೇಜಿನ ಸ್ಟಾಫ್ ರೂಮಿನಲ್ಲಿ ಹಾಗೇ, ಹಲ್ಲಿನ ಡಾಕ್ಟರ ಬೆಂಚಿನ ಮೇಲಂತೂ ಕೇಳಲೇಬೇಡಿ. ಫ್ಯಾನಿನ ಗಾಳಿಯೂ ಬಿಸಿಯಾಗುವ ಕೋಲ್ಕತ್ತದ ಮೇ ತಿಂಗಳಲ್ಲಿ ಸಹೋದ್ಯೋಗಿಯೊಬ್ಬಳು "ಚಳಿಯಾಗ್ತಿದೆಯಾ?" ಎಂದು ಕೇಳಿದ್ದಳು. ಮೊನ್ನೆ ಗರಿಯಾಹಾಟ್‌ನ ಸೀರೆ ಅಂಗಡಿಯಲ್ಲಿ ಮುದುಕ ಅಂಗಡಿಕಾರ ನನ್ನ ಮುಂದೆ ಒಂದು ಡಜನ್ ಸೀರೆ ಬಿಚ್ಚಿ ಹಾಸಿದ. ನಾನು ಒಂದನ್ನೂ ಮುಟ್ಟದೆ ಕಣ್ಣಲ್ಲೇ ನೋಡುತ್ತ ಕೂತಿದ್ದೆ. ಅವನು ಸೋತು, "ದೀದಿ, ಸೀರೆ ಕಚ್ಚುವುದಿಲ್ಲ" ಎಂದ.

ಅವನಿಗೆ ಏನು ಹೇಳಲಿ? ಇದು ನನ್ನ ವಿದ್ಯಾಭ್ಯಾಸದ ಫಲ, ಎರಡು ವರ್ಷ ಕಷ್ಟಪಟ್ಟು ಕಲಿತದ್ದು ಎಂದರೆ ನಂಬುತ್ತಾನೆಯೇ? ನೀವು ನಂಬುತ್ತೀರಿ ಎಂಬ ಧೈರ್ಯದ ಮೇಲೆ ಹೇಳುತ್ತೇನೆ.

ನಾನು ಧಾರವಾಡದವಳು. ಕೋಲ್ಕತ್ತದ ಒಂದು ಕಾಲೇಜಿನಲ್ಲಿ ಹದಿನೆಂಟು ವರ್ಷದಿಂದ ಮನಃಶಾಸ್ತ್ರ ಕಲಿಸುತ್ತೇನೆ. ಕಲಿಸುವುದರಲ್ಲಿ ಬೇಸರ ಬಂದಾಗ ಮನುಷ್ಯ ಕಲಿಯಲು ಹೊರಡುತ್ತಾನೆ. ನಲವತ್ತು ದಾಟಿದ ಮೇಲೆ ನನಗೆ ಮನೋವಿಶ್ಲೇಷಣೆ ಕಲಿಯುವ ಹುಚ್ಚು ಹತ್ತಿತು. ದೊಡ್ಡವರ ಸಂಕಟದ ಬೇರು ಹುಡುಕಿಕೊಂಡು ಅವರ ತೊಟ್ಟಿಲ ತನಕ ಹೋಗುವ ವಿದ್ಯೆ ಅದು. ಮೂರು ವರ್ಷದ ಬುದ್ಧಿ ನೂರು ವರ್ಷದ ತನಕ ಎಂದು ನಮ್ಮ ಕಡೆಯ ಮುದುಕಿಯರು ಎಲೆಯಡಿಕೆ ಜಗಿಯುತ್ತ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಿದ್ದುದನ್ನು ಈ ವಿದ್ಯೆಯವರು ಕಪಾಟು ತುಂಬ ಪುಸ್ತಕ ಬರೆದು ಹೇಳಿದ್ದಾರೆ. ಹಾಗೆಂದು ನಾನು ಅವರನ್ನು ಹಾಸ್ಯ ಮಾಡುತ್ತಿಲ್ಲ. ಮುದುಕಿಯರು ಹೇಳಿ ಸುಮ್ಮನಾದರು. ಇವರು ಕೂತು ನೋಡಿದರು.

ಈ 'ಕೂತು ನೋಡುವುದು' ಎಂಬುದೇ ಆ ವಿದ್ಯೆಯ ಒಂದು ಪಾಠ. ಕಲಿಯುವವರು ಒಂದು ಮನೆ ಹುಡುಕಬೇಕು. ಆ ಮನೆಯಲ್ಲಿ ಈಗಷ್ಟೇ ಹುಟ್ಟಿದ ಮಗುವಿರಬೇಕು. ವಾರಕ್ಕೊಂದು ಸಲ, ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಹೋಗಿ ಒಂದು ತಾಸು ಮಗುವನ್ನು ನೋಡಿಕೊಂಡು ಬರಬೇಕು. ನೋಡಿಕೊಂಡು ಎಂದರೆ ಆರೈಕೆ ಮಾಡಿಕೊಂಡು ಅಂತಲ್ಲ, ಬರಿಗಣ್ಣಿನಿಂದ ನೋಡುವುದು. ಹೀಗೆ ಎರಡು ವರ್ಷ.

ನನ್ನ ಗುರು ಬಾನಿ ದಿ, ಎಂದರೆ ಬಾನಿ ಅಕ್ಕ, ಎಪ್ಪತ್ತು ದಾಟಿದ ಬಂಗಾಲಿ ಹೆಂಗಸು. ಹತ್ತಿ ಸೀರೆ, ದಪ್ಪ ಕನ್ನಡಕ, ಮಾತು ತೂಕದ್ದು. ಮೊದಲ ದಿನ ಅವರು ನಿಯಮಗಳನ್ನು ಹೇಳಿದರು.

"ಸಲಹೆ ಕೊಡಬೇಡ. ಫೋಟೊ ತೆಗೆಯಬೇಡ. ಅಲ್ಲೇ ಕೂತು ಬರೆದುಕೊಳ್ಳಬೇಡ, ಮನೆಗೆ ಬಂದು ನೆನಪಿನಿಂದ ಬರಿ. ಮಗುವನ್ನು ಎತ್ತಿಕೊಳ್ಳಬೇಡ."

"ಅತ್ತರೆ?"

"ಅಳುವುದನ್ನು ನೋಡು. ಯಾರು ಬರುತ್ತಾರೆ, ಹೇಗೆ ಬರುತ್ತಾರೆ, ಬಂದ ಮೇಲೆ ಮಗು ಏನು ಮಾಡುತ್ತದೆ, ನೋಡು."

"ಹಾಗಾದರೆ ಕೈ ಎಲ್ಲಿಡಬೇಕು?" ಎಂದೆ. ತಮಾಷೆಗೆ ಕೇಳಿದ್ದು.

ಬಾನಿ ದಿ ನಗಲಿಲ್ಲ. "ಒಳ್ಳೆಯ ಪ್ರಶ್ನೆ. ಎರಡು ವರ್ಷ ಇದೆ, ಹುಡುಕು" ಎಂದರು.

ನನ್ನ ಪಾಲಿಗೆ ಸಿಕ್ಕಿದ್ದು ಡಮ್ ಡಮ್‌ನ ಒಂದು ಮನೆ. ಗುರುವಾರ ಸಂಜೆ ಐದರಿಂದ ಆರು. ಗರಿಯಾಹಾಟ್‌ನಿಂದ ಆಟೋದಲ್ಲಿ ನಾಲ್ಕು ಜನರ ಜೊತೆ ಒತ್ತಿಕೊಂಡು ಕಾಳಿಘಾಟ್ ಮೆಟ್ರೊ ತನಕ, ಅಲ್ಲಿಂದ ಊರಿನ ಈ ತುದಿಯಿಂದ ಆ ತುದಿಗೆ. ಮೂರನೇ ಮಹಡಿಯ ಪುಟ್ಟ ಫ್ಲ್ಯಾಟ್. ವಿಮಾನಗಳು ಮಾಳಿಗೆ ಸವರುವಷ್ಟು ಕೆಳಗೆ ಹಾರುತ್ತಿದ್ದವು. ಮನೆಯಲ್ಲಿ ಮಗುವಿನ ತಾಯಿ ಮೌ, ಶಾಲೆಯಲ್ಲಿ ಟೀಚರು. ಅವಳ ಅತ್ತೆ, ಎಲ್ಲರೂ ಠಾಕುಮಾ ಅನ್ನುವ ಅಜ್ಜಿ. ಮಗುವಿನ ತಂದೆ ಗಾರ್ಡನ್ ರೀಚ್‌ನಲ್ಲಿ ಹಡಗು ಕಟ್ಟುವ ಕಡೆ ಇಂಜಿನಿಯರು. ನಾನು ಹೊರಟ ಮೇಲೆ ಮನೆಗೆ ಬರುತ್ತಿದ್ದುದರಿಂದ ಎರಡು ವರ್ಷದಲ್ಲಿ ನನಗೆ ಹೆಚ್ಚಾಗಿ ಪರಿಚಯವಾದದ್ದು ಅವನ ಮನೆ ಚಪ್ಪಲಿ. ಮತ್ತೆ ನಮ್ಮ ಕಥೆಯ ರಾಣಿ ಟುಕುನ್. ಮೊದಲ ಸಲ ಕಂಡಾಗ ಅವಳಿಗೆ ಹನ್ನೊಂದು ದಿನ. ಮುಷ್ಟಿ ಬಿಗಿಹಿಡಿದು, ಯಾರ ಮೇಲೋ ಮೊಕದ್ದಮೆ ಹೂಡುವವಳ ಹಾಗೆ ಹುಬ್ಬು ಗಂಟಿಕ್ಕಿಕೊಂಡು ಮಲಗಿದ್ದಳು.

ಬಾಯಿ ಮುಚ್ಚಿ ಕೂರುವ ವಿದ್ಯೆ ಧಾರವಾಡದವರಿಗೆ ಹುಟ್ಟಿನಿಂದ ಬಂದದ್ದಲ್ಲ. ಬಸ್ಸಿನಲ್ಲಿ ಪಕ್ಕದವರ ಮಗಳಿಗೆ ವರ ಗೊತ್ತಾಯಿತೇ ಎಂದು ಕೇಳದಿದ್ದರೆ ನಮಗೆ ಊರು ಬಂದದ್ದೇ ತಿಳಿಯುವುದಿಲ್ಲ. ಅಂಥವಳು ಡಮ್ ಡಮ್‌ನ ಆ ಮನೆಯಲ್ಲಿ ಮೋಡಾ ಎಂಬ ಬೆತ್ತದ ಕುಳ್ಳ ಪೀಠದ ಮೇಲೆ ಕಲ್ಲಿನ ಹಾಗೆ ಕೂತೆ. ಬಾಯಿಗೆ ಬೀಗ ಹಾಕಿದ್ದಾಯಿತು. ಆದರೆ ಕೈ? ಮಗುವಿನ ಟೋಪಿ ಜಾರಿದರೆ ಸರಿಮಾಡಲು ಹೋಗುತ್ತಿತ್ತು, ಸೊಳ್ಳೆ ಕೂತರೆ ಓಡಿಸಲು ಹೋಗುತ್ತಿತ್ತು. ಮೂರನೆಯ ವಾರ ನಾನು ಅವೆರಡನ್ನೂ ತೊಡೆಯ ಕೆಳಗೆ ಹಾಕಿ ಕೂತುಬಿಟ್ಟೆ.

ಇನ್ನು ಠಾಕುಮಾ. ಒಂದು ಲೋಟ ನೀರು ಬಿಟ್ಟು ಏನೂ ತೆಗೆದುಕೊಳ್ಳಬಾರದು ಎಂಬುದು ನನ್ನ ನಿಯಮ. ಬಂದವರ ಬಾಯಿಗೆ ಸಿಹಿ ಹಾಕದೆ ಕಳಿಸಬಾರದು ಎಂಬುದು ಅವರ ನಿಯಮ. "ಬೋಶೋ ಮಾ, ಬೋಶೋ," ಕೂತ್ಕೋ ತಾಯಿ, ಎಂದು ಅವರು ಎರಡು ಸಂದೇಶ್ ಇಟ್ಟ ಬಟ್ಟಲನ್ನು ಮುಂದೆ ಹಿಡಿದಾಗ ಯಾವ ಶಾಸ್ತ್ರ ನಿಲ್ಲುತ್ತದೆ? ಬಾನಿ ದಿಯವರಿಗೆ ತಪ್ಪೊಪ್ಪಿಕೊಂಡೆ. ಅವರು ಬಹಳ ಹೊತ್ತು ಯೋಚಿಸಿ ತೀರ್ಪು ಕೊಟ್ಟರು: "ಒಂದು ತಿನ್ನು. ಎರಡನೆಯದು ತಿಂದರೆ ನೀನು ನೋಡಲು ಬಂದವಳಲ್ಲ, ನೆಂಟಳು." ಎರಡು ವರ್ಷ ಪ್ರತಿ ಗುರುವಾರ ನಾನು ಒಂದು ಸಂದೇಶ್ ತಿಂದು ಇನ್ನೊಂದನ್ನು ಬಟ್ಟಲಿನಲ್ಲೇ ಬಿಟ್ಟು ಬರುತ್ತಿದ್ದೆ. ಮನೋವಿಶ್ಲೇಷಣೆಗಾಗಿ ನಾನು ಮಾಡಿದ ಅತಿ ದೊಡ್ಡ ತ್ಯಾಗ ಇದು.

ಈಗ ನಮ್ಮ ಮನೆಯ ವಿಷಯಕ್ಕೆ ಬರಬೇಕು, ಯಾಕೆಂದರೆ ನಾನು ಡಮ್ ಡಮ್‌ನಲ್ಲಿ ಕೂತಿದ್ದರೂ ನೋಡುತ್ತಿದ್ದುದು ಬಹಳ ಸಲ ಅದನ್ನೇ.

ಪುಸ್ತಕಗಳ ಪ್ರಕಾರ ಕೂಸಿನ ಲೋಕದಲ್ಲಿ ಮೊದಲು ಬರುವವಳು ತಾಯಿ. ಅವಳ ಮುಖದಲ್ಲಿ ಅದು ತನ್ನ ಮುಖ ಕಾಣುತ್ತದೆ. ಆಮೇಲೆ ತಂದೆ ಬರುತ್ತಾನೆ. ಈ ಮೂವರ ನಡುವಿನ ಪ್ರೀತಿ, ಹೊಟ್ಟೆಕಿಚ್ಚು, ಮುನಿಸು ಇವುಗಳಿಂದಲೇ ಮನುಷ್ಯನ ಒಳಮನೆ ಕಟ್ಟಿಕೊಳ್ಳುತ್ತದೆ. ಇದನ್ನು ಬರೆದ ದೊಡ್ಡವರು ಒಂದು ದಿನದ ಮಟ್ಟಿಗೆ ಧಾರವಾಡದ ನಮ್ಮ ಮನೆಗೆ ಬಂದಿದ್ದರೆ ಹೊಸ್ತಿಲಲ್ಲೇ ತಲೆ ಕೆರೆದುಕೊಳ್ಳುತ್ತಿದ್ದರು. ಒಂದು ಪಡಸಾಲೆ, ಹದಿನಾಲ್ಕು ಜನ. ನಾನು 'ಅವ್ವ' ಎನ್ನುತ್ತಿದ್ದುದು ನನ್ನ ಅಜ್ಜಿಯನ್ನು, ಅಪ್ಪ ಮತ್ತು ಕಾಕಾಗಳು ಹಾಗೆ ಕರೆಯುತ್ತಿದ್ದರಿಂದ. ಅಪ್ಪನನ್ನು 'ಅಣ್ಣ' ಎನ್ನುತ್ತಿದ್ದೆ, ಕಾಕಾಗಳಿಗೆ ಅವನು ಅಣ್ಣ. ಹೆತ್ತ ತಾಯಿಯನ್ನು 'ವೈನಿ' ಎನ್ನುತ್ತಿದ್ದೆ, ಎಂದರೆ ಅತ್ತಿಗೆ. ಅವಳು ನನ್ನನ್ನು 'ತಂಗಿ' ಎನ್ನುತ್ತಿದ್ದಳು. ನಮ್ಮ ಕಡೆ ಇದು ಯಾರಿಗೂ ವಿಚಿತ್ರವಲ್ಲ.

ಅವ್ವನೇ ಮನೆಗೆ ದೊಡ್ಡವಳು. ನನ್ನನ್ನು ಎತ್ತಿ ಆಡಿಸಿದವಳು, ಉಣಿಸಿದವಳು, ಪಕ್ಕದಲ್ಲಿ ಮಲಗಿಸಿಕೊಂಡವಳು ಅವಳು. ವೈನಿ ಅಡಿಗೆ ಮನೆಯ ಬಾಗಿಲಲ್ಲಿ ನಿಂತಿರುತ್ತಿದ್ದಳು. ನನಗೆ ಅವಳ ಚಿತ್ರ ನೆನಪಿರುವುದೇ ಹಾಗೆ: ಕದಕ್ಕೆ ಒರಗಿ ನಿಂತಿದ್ದಾಳೆ, ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಾಳೆ. ಹಿಟ್ಟಿನ ಕೈ ಒರೆಸಿಕೊಳ್ಳುತ್ತಿದ್ದಾಳೆ ಎಂದು ನಾನು ತಿಳಿದಿದ್ದೆ.

ಐದು ವರ್ಷದವಳಿದ್ದಾಗ ಪಡಸಾಲೆಯ ಜೋಕಾಲಿಯಿಂದ ಮುಖ ಅಡಿಯಾಗಿ ಬಿದ್ದು ಗದ್ದ ಒಡೆದುಕೊಂಡೆ. ರಕ್ತ ಫ್ರಾಕಿನ ಮೇಲೆಲ್ಲ ಸುರಿಯಿತು. ವೈನಿ ಮಾರು ದೂರದಲ್ಲಿ ನಿಂತಿದ್ದಳು. ನಾನು ಎರಡೂ ತೋಳು ಚಾಚಿದ್ದು ಅವಳ ಕಡೆಗೆ. ಅವಳು ಬರಲಿಲ್ಲ. ಕೈ ಸೆರಗಿನಲ್ಲೇ ಇತ್ತು. ಅವ್ವ ದೇವರ ಮನೆಯಿಂದ ಓಡಿಬಂದು ಎತ್ತಿಕೊಂಡಳು. ಗದ್ದದ ಕೆಳಗೆ ಕಲೆ ಇನ್ನೂ ಇದೆ. ಅದಕ್ಕಿಂತ ಒಳಗೆ ಇನ್ನೊಂದು ಉಳಿಯಿತು. ಈಕೆಗೆ ನಾನು ಬೇಡವಾದವಳು ಎಂದು ಆವತ್ತು ತೀರ್ಮಾನಿಸಿದೆ. ನಲವತ್ತು ವರ್ಷ ಆ ತೀರ್ಮಾನವನ್ನು ಬದಲಿಸಲಿಲ್ಲ. ಓದಲು ಮನಃಶಾಸ್ತ್ರ ಆರಿಸಿಕೊಂಡೆ, ಕೆಲಸಕ್ಕೆ ಇಷ್ಟು ದೂರದ ಊರು ಆರಿಸಿಕೊಂಡೆ. ತುರಿಸುವ ಕಡೆಗೇ ಉಗುರು ಹೋಗುತ್ತದೆ. ಇಲ್ಲಿಯ ಗೆಳತಿಯರ ಜೊತೆ ಹರಟೆಗೆ ಕೂತಾಗ ಗದ್ದ ಎತ್ತಿ ತೋರಿಸಿ "ನನ್ನ ತಾಯಿ ನನ್ನನ್ನು ಎತ್ತಿಕೊಳ್ಳಲೇ ಇಲ್ಲ" ಎಂದು ಹೇಳುವುದರಲ್ಲಿ ನನಗೆ ಒಂದು ಸುಖವೂ ಇತ್ತು, ಸುಳ್ಳೇಕೆ?

ಇಂಥ ಕನ್ನಡಕ ಹಾಕಿಕೊಂಡು ಮೌಳನ್ನು ನೋಡಿದರೆ ಏನು ಕಂಡೀತು? ಎರಡನೆಯ ತಿಂಗಳಿನ ನನ್ನ ವರದಿಯಲ್ಲಿ ಬರೆದೆ: 'ತಾಯಿ ಮಗುವಿನಿಂದ ಭಾವನಾತ್ಮಕವಾಗಿ ದೂರವಿದ್ದಾಳೆ. ಮಗುವನ್ನು ಅಜ್ಜಿಗೆ ಒಪ್ಪಿಸಿ, ಮುತ್ತು ಕೂಡ ಕೊಡದೆ ಒಳಗೆ ಹೋಗುತ್ತಾಳೆ.' ಬರೆದು ಹೆಮ್ಮೆಪಟ್ಟೆ. ಬಾನಿ ದಿ ಓದಿ ಕನ್ನಡಕ ತೆಗೆದರು.

"ನೀನು ಎಲ್ಲಿ ಕೂರುತ್ತೀ?"

"ಬಾಗಿಲ ಹತ್ತಿರ, ಅಜ್ಜಿಯ ಮಂಚದ ಪಕ್ಕ."

"ಅಲ್ಲಿಂದ ಮೌಳ ಕೈ ಕಾಣುತ್ತದೆಯೇ?"

ಯೋಚಿಸಿದೆ. ಬೆನ್ನು ಕಾಣುತ್ತಿತ್ತು.

"ಈ ವಾರ ಕಿಟಕಿಯ ಕಡೆ ಕೂರು" ಎಂದರು.

ಗುರುವಾರ ಮೋಡಾ ಎಳೆದುಕೊಂಡು ಕಿಟಕಿಯ ಕಡೆ ಕೂತೆ. ಮೌ ಮಗುವನ್ನು ಅತ್ತೆಯ ತೋಳಿಗೆ ಕೊಟ್ಟಳು. ತಲೆ ಕೊಟ್ಟಳು, ಬೆನ್ನು ಕೊಟ್ಟಳು. ಒಂದು ಪಾದವನ್ನು ಕೊಡಲಿಲ್ಲ. ಅದು ಅವಳ ಬೆರಳುಗಳ ನಡುವೆ ಉಳಿಯಿತು. ಅತ್ತೆಯ ಜೊತೆ ಹಾಲಿನವನ ವಿಷಯ ಮಾತಾಡುತ್ತಲೇ ಇದ್ದಳು, ಬೆರಳುಗಳು ಆ ಕಡಲೆ ಗಾತ್ರದ ಹಿಮ್ಮಡಿಯನ್ನು ಒಂದು ಸಲ, ಎರಡು ಸಲ ಒತ್ತಿ, ಆಮೇಲೆ ಬಿಟ್ಟವು. ಟುಕುನ್ ಅಜ್ಜಿಯ ತೋಳಿನಲ್ಲಿದ್ದುಕೊಂಡೇ ಕಾಲನ್ನು ತಾಯಿಯ ಕಡೆ ಝಾಡಿಸಿದಳು. ಎಲ್ಲ ಮುಗಿದದ್ದು ಒಂದು ವಿಮಾನ ಹಾದುಹೋಗುವಷ್ಟು ಹೊತ್ತಿನಲ್ಲಿ. ಎರಡು ತಿಂಗಳು ನಾನು ಇದನ್ನು ನೋಡಿರಲೇ ಇಲ್ಲ. ಮನಃಶಾಸ್ತ್ರದ ಪ್ರೊಫೆಸರು!

ಅಲ್ಲಿಂದ ಮುಂದೆ ಆ ಮನೆಯ ಮೇಲೆ ನನಗೆ ಬೆಳೆದ ಗೌರವವನ್ನು ಹೇಗೆ ಹೇಳಲಿ? ಟುಕುನ್ ತಾಯಿಯ ಮೂಗನ್ನು ಚಿವುಟುತ್ತಿದ್ದಳು, ಹಲ್ಲು ಬಂದ ಮೇಲೆ ಭುಜ ಕಚ್ಚುತ್ತಿದ್ದಳು. ಮೌ "ಉಃ" ಎಂದು ಕಣ್ಣಲ್ಲಿ ನೀರು ತಂದುಕೊಂಡು, ಆಮೇಲೆ ನಗುತ್ತಿದ್ದಳು. ಮಗು ಗಾಬರಿಯಿಂದ ಅವಳ ಮುಖ ನೋಡುತ್ತಿತ್ತು: ಇವಳನ್ನು ನಾನು ಮುರಿದೆನೇ? ಇಲ್ಲ, ಇದ್ದಾಳೆ. ಅದರ ಮುಖದಲ್ಲಿ ಆಗ ಬರುತ್ತಿದ್ದ ನಿರಾಳ! ತನ್ನ ಸಿಟ್ಟಿಗೆ ಮುರಿಯದ ಮನುಷ್ಯರು ಲೋಕದಲ್ಲಿದ್ದಾರೆ ಎಂದು ಮಗು ಕಲಿಯುವುದು ಹೀಗೆ. ಪುಸ್ತಕದಲ್ಲಿ ಅದಕ್ಕೆ ಇಪ್ಪತ್ತು ಪುಟ ಇದೆ, ನಾನು ಅಡಿಗೆರೆ ಹಾಕಿ ಓದಿದ್ದೆ. ಮೌ ಅದನ್ನು ಕುಕ್ಕರಿನ ಸೀಟಿಗೆ ಕಿವಿ ಕೊಟ್ಟುಕೊಂಡೇ ಮಾಡುತ್ತಿದ್ದಳು. ಠಾಕುಮಾ ಆ ಚಿಳ್ಳೆಯನ್ನು 'ಮಾ' ಎಂದೇ ಕರೆಯುತ್ತಿದ್ದರು. ಮೊಮ್ಮಗಳನ್ನು ತಾಯಿ ಎನ್ನುವುದು ನಮ್ಮಲ್ಲೂ ಇದೆ. ಅಂಥ ಮರ್ಯಾದೆ ಸಿಕ್ಕ ಮಗು ಸೆಟೆದು ಕೂರದೆ ಇದ್ದೀತೇ?

ಟುಕುನ್‌ಗೆ ಒಂಬತ್ತು ತಿಂಗಳು ತುಂಬಿದ ಏಪ್ರಿಲ್‌ನಲ್ಲಿ ಅದು ನಡೆಯಿತು. ಬಂಗಾಲಿಗಳಿಗೆ ಗುರುವಾರ ಲಕ್ಷ್ಮಿಯ ವಾರ. ಠಾಕುಮಾ ಒಳಗೆ ಪೂಜೆಗೆ ಕೂತಿದ್ದರು. ಹೊರಗೆ ಇದ್ದಕ್ಕಿದ್ದಂತೆ ಕತ್ತಲೆ ಕವಿದು ಬೇಸಗೆಯ ಬಿರುಗಾಳಿ ಎದ್ದಿತು. ಮೌ "ಮಾಳಿಗೆ ಮೇಲೆ ಬಟ್ಟೆ!" ಎಂದು ಓಡಿದಳು. ಕೋಣೆಯಲ್ಲಿ ಟುಕುನ್ ಮತ್ತು ನಾನು. ದಢಾರೆಂದು ಕಿಟಕಿಯ ಕದ ಬಡಿಯಿತು. ಟುಕುನ್ ಬೆಚ್ಚಿದಳು. ತಾಯಿ ಹೋದ ಬಾಗಿಲನ್ನು ನೋಡಿದಳು, ತುಟಿ ಅದುರಿತು. ಆಮೇಲೆ ನನ್ನನ್ನು ನೋಡಿದಳು. ಅಂಬೆಗಾಲಿಟ್ಟು ನನ್ನ ಮೋಡಾದ ತನಕ ಬಂದು, ನನ್ನ ಮೊಣಕಾಲು ಹಿಡಿದು ಎದ್ದು ನಿಂತು, ಎರಡೂ ತೋಳು ಮೇಲೆತ್ತಿದಳು.

ಎತ್ತಿಕೋ ಎನ್ನಲು ಯಾವ ಭಾಷೆಯೂ ಬೇಡ.

ನನ್ನ ಕೈಗಳು ತೊಡೆಯ ಕೆಳಗಿದ್ದವು. ಮೇಲೆ ಬರಲು ಅವು ಪಟ್ಟ ಪಾಡು ನನಗೆ ಗೊತ್ತು. ಮೊಣಕೈ ತನಕ ನೋವು ಏರಿತು. ಟುಕುನ್, ಬಂದಳು ಅಮ್ಮ, ಈಗ ಬಂದಳು ಎಂದು ಮನಸ್ಸಿನಲ್ಲೇ ಹೇಳುತ್ತ, ಅವಳ ಕಣ್ಣಿನಿಂದ ಕಣ್ಣು ತೆಗೆಯದೆ, ಕೈಗಳ ಮೇಲೆ ಇನ್ನಷ್ಟು ಭಾರ ಹಾಕಿ ಕೂತೆ. ಅವಳು ಕಾದಳು. ತೋಳು ಸೋತು ಇಳಿಯಿತು. ಕೆನ್ನೆಯನ್ನು ನನ್ನ ಮೊಣಕಾಲಿಗೆ ಒತ್ತಿ ನಿಂತಳು. ಅಷ್ಟರಲ್ಲಿ ಮೌ ಒದ್ದೆ ಬಟ್ಟೆಯ ರಾಶಿ ಹೊತ್ತು ಬಂದು, ರಾಶಿಯನ್ನು ನೆಲಕ್ಕೆ ಚೆಲ್ಲಿ ಮಗಳನ್ನು ಬಾಚಿಕೊಂಡಳು.

ಆವತ್ತು ಮೆಟ್ರೊದಲ್ಲಿ ನಾನು ಅತ್ತುಬಿಟ್ಟೆ. ಎದುರು ಕೂತ ಹೆಂಗಸು ನನಗೊಂದು ಪೆಪ್ಪರಮಿಂಟು ಕೊಟ್ಟಳು. ಕೋಲ್ಕತ್ತದಲ್ಲಿ ಅಳುವವರನ್ನು ಯಾಕೆ ಎಂದು ಕೇಳುವುದಿಲ್ಲ, ಏನಾದರೂ ತಿನ್ನಲು ಕೊಡುತ್ತಾರೆ.

ಬಾನಿ ದಿಯವರಿಗೆ ಎಲ್ಲ ಹೇಳಿದೆ. ನಿಯಮ ಪಾಲಿಸಿದ್ದಕ್ಕೆ ಹೊಗಳುತ್ತಾರೋ, ಮಗುವಿಗೆ ಹೆದರಿಕೆಯಾದಾಗ ನಿಯಮ ಮುರಿಯಬೇಕಿತ್ತು ಎಂದು ಬೈಯುತ್ತಾರೋ ಎಂದು ಕಾದೆ. ಎರಡನ್ನೂ ಮಾಡಲಿಲ್ಲ. ಬಹಳ ಮೆತ್ತಗೆ ಕೇಳಿದರು: "ಮಗು ಬೇಡವಾಗಿತ್ತೇ ನಿನಗೆ?"

"ಏನು ಮಾತು ದೀದಿ! ಜೀವ ಬಾಯಿಗೆ ಬಂದಿತ್ತು."

"ಆದರೆ ಟುಕುನ್‌ಗೆ ಕಂಡದ್ದು ಎತ್ತಿಕೊಳ್ಳದ ಒಬ್ಬ ಹೆಂಗಸು" ಎಂದರು ಬಾನಿ ದಿ. ಎದ್ದು ಚಹಾಕ್ಕೆ ನೀರಿಟ್ಟರು.

ನಾನು ಕೂತಲ್ಲೇ ಕೂತೆ. ಚಹಾ ಬಂದು ಆರಿತು. ಧಾರವಾಡದ ಅಡಿಗೆ ಮನೆಯ ಕದಕ್ಕೆ ಒರಗಿ ನಿಂತ ವೈನಿ, ನಲವತ್ತು ವರ್ಷದಿಂದ ನಿಂತಲ್ಲೇ ನಿಂತವಳು, ನನ್ನನ್ನು ನೋಡುತ್ತಿದ್ದಳು. ನಮ್ಮ ಮನೆಯಲ್ಲಿ ಒಂದು ರೀತಿಯಿತ್ತು, ನಿಮ್ಮಲ್ಲೂ ಕೆಲವರ ಮನೆಯಲ್ಲಿ ಇದ್ದೀತು: ಅತ್ತೆ ಮಾವಂದಿರ ಎದುರಿಗೆ ಸೊಸೆ ತನ್ನ ಕೂಸನ್ನು ಎತ್ತಿ ಮುದ್ದು ಮಾಡಬಾರದು. ಮಾಡಿದರೆ ನಾಚಿಕೆಗೇಡು. ಕಾಕಾಗಳ ಮಕ್ಕಳನ್ನು ಎತ್ತಬಹುದು, ತನ್ನದನ್ನಲ್ಲ. ಈ ರೀತಿ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕುಟುಂಬ ಪದ್ಧತಿಯ ಪಾಠ ಮಾಡುವಾಗ ವಿದ್ಯಾರ್ಥಿಗಳಿಗೆ ಉದಾಹರಣೆ ಕೊಡುತ್ತಿದ್ದುದೇ ಇದನ್ನು. ಅಂಥ ರೀತಿಯ ಮನೆಯಲ್ಲಿ ನಿಂತ ಹೆಂಗಸಿಗೆ ಕೈಗಳಿರುತ್ತವೆ ಎನ್ನುವುದು ಮಾತ್ರ ಹೊಳೆದಿರಲಿಲ್ಲ. ನಾನು ವೈನಿಯನ್ನು ಯಾವಾಗಲೂ ನೋಡಿದ್ದು ಅವ್ವನ ಕಂಕುಳಿನಿಂದ. ಎತ್ತರದ ಜಾಗ, ಸುಖದ ಜಾಗ, ಆದರೆ ಅಲ್ಲಿಂದ ಎಲ್ಲವೂ ಕಾಣುವುದಿಲ್ಲ.

ಒಂದೊಂದೇ ನೆನಪು ಮಗ್ಗುಲು ಬದಲಿಸತೊಡಗಿತು. ತಲೆ ಬಾಚುವುದು! ಎತ್ತಿಕೊಳ್ಳುವುದು ಮುದ್ದು, ತಲೆ ಬಾಚುವುದು ಕೆಲಸ. ಕೆಲಸಕ್ಕೆ ಅವ್ವನ ಅಡ್ಡಿಯಿರಲಿಲ್ಲ. ವೈನಿ ನನ್ನ ತಲೆಯನ್ನು ದಿನಕ್ಕೆ ಮೂರು ಸಲ ಬಾಚುತ್ತಿದ್ದಳು. ಬೆಳಿಗ್ಗೆ ಹೆಣೆದ ಜಡೆಯನ್ನು ಮಧ್ಯಾಹ್ನ "ಸಡ್ಲಾಗೇದ" ಎಂದು ಬಿಚ್ಚುತ್ತಿದ್ದಳು, ಸಂಜೆ "ಓರಿ ಆಗೇದ" ಎಂದು ಮತ್ತೆ ಬಿಚ್ಚುತ್ತಿದ್ದಳು. ಮೊಣಕಾಲುಗಳ ನಡುವೆ ನನ್ನನ್ನು ಕೂರಿಸಿಕೊಂಡು, ಸಿಕ್ಕಿಲ್ಲದ ಕೂದಲಲ್ಲಿ ಸಿಕ್ಕು ಹುಡುಕುತ್ತಿದ್ದಳು. ಶಿಸ್ತಿನ ಹೆಂಗಸು, ಕೂದಲು ನೆಟ್ಟಗಿರಬೇಕು, ಮಗಳು ಹೇಗಿದ್ದರೂ ಸರಿ ಎಂದು ನಾನು ಗೊಣಗುತ್ತಿದ್ದೆ. ಓಡಿಹೋಗುತ್ತಿದ್ದೆ ಕೂಡ. ಎಲ್ಲರ ಕಣ್ಣೆದುರಿಗೆ, ಹಾಡು ಹಗಲಲ್ಲಿ, ಒಂದು ಬಾಚಣಿಗೆ ಹಿಡಿದುಕೊಂಡು ಆಕೆ ದಿನಕ್ಕೆ ಮೂರು ಸಲ ಮಗಳನ್ನು ತನ್ನ ಹತ್ತಿರ ಇಟ್ಟುಕೊಂಡಿದ್ದಳು. ಎಂಥ ಜಾಣೆ! ಯಾವ ಪುಸ್ತಕ ಓದಿ ಕಲಿತಿದ್ದಳು ಇದನ್ನು?

ಆದರೂ ಇದೆಲ್ಲ ನನ್ನ ಊಹೆಯೂ ಆಗಿರಬಹುದು. ಬೇಕಾದ ತಾಯಿಯನ್ನು ಕಲ್ಪಿಸಿಕೊಳ್ಳುವುದರಲ್ಲಿ ಮನಸ್ಸು ಬಹಳ ಚುರುಕು. ಕೇಳಬೇಕು ಎನಿಸಿತು. ಫೋನಿನಲ್ಲಿ ಕೇಳಲು ಬಾಯಿ ಬರಲಿಲ್ಲ. ಪ್ರತಿ ಭಾನುವಾರ ಜೋಳದ ಹಿಟ್ಟಿನ ವಿಷಯ ಮಾತಾಡಿ ಇಡುತ್ತಿದ್ದೆ.

ಕಳೆದ ಜುಲೈಯಲ್ಲಿ ವೈನಿಯೇ ಬಂದಳು. ಧಾರವಾಡದಲ್ಲಿ ನನ್ನ ತಮ್ಮನ ಸಂಸಾರದ ಜೊತೆ ಇರುವವಳು, ಎಪ್ಪತ್ತೆರಡು, ಗಟ್ಟಿಮುಟ್ಟು. ಮನೆಯೊಳಗೆ ಕಾಲಿಟ್ಟ ಕೂಡಲೇ ನನ್ನ ಕತ್ತರಿಸಿದ ಕೂದಲು ನೋಡಿ, "ಅಯ್ಯ, ಕೂದ್ಲಾ ಎಲ್ಲಿ ಕೊಟ್ಟ ಬಂದೀಯ?" ಎಂದಳು. ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತ ಕೂತಿದ್ದಾಗ ಹಿಂದಿನಿಂದ ಬಂದು ನಾಲ್ಕು ಬೆರಳುದ್ದದ ಆ ಕೂದಲಿನಲ್ಲೇ ಬಾಚಣಿಗೆ ಆಡಿಸಿದಳು. ನಾನು ಓಡಿಹೋಗಲಿಲ್ಲ.

ಆ ವಾರಕ್ಕೇ ನನ್ನ ಎರಡು ವರ್ಷ ಮುಗಿಯಿತು. ಕೊನೆಯ ಗುರುವಾರ ಠಾಕುಮಾ ಹೇಳಿದರು, "ಪರೀಕ್ಷೆ ಮುಗೀತಲ್ಲ ಮಾ, ಶನಿವಾರ ತಾಯಿಯನ್ನು ಕರೆದುಕೊಂಡು ಊಟಕ್ಕೆ ಬಾ." ಹೋದೆವು. ಇಲಿಶ್ ಮೀನಿನ ಕಾಲದಲ್ಲಿ ಮೀನು ತಿನ್ನದ ಅತಿಥಿ ಬಂದದ್ದಕ್ಕೆ ಠಾಕುಮಾ ಒಳಗೊಳಗೇ ಮರುಗಿದರೂ ಏಳು ತರಹದ ಕಾಯಿಪಲ್ಯ ಮಾಡಿದ್ದರು. ಇವರದು ಬಂಗಾಲಿ, ಅವಳದು ಧಾರವಾಡದ ಕನ್ನಡ. ಮೊಣಕಾಲು ನೋವು, ಸೊಸೆಯಂದಿರು, ತೊಗರಿಬೇಳೆ, ಎಲ್ಲ ವಿಷಯ ಇಬ್ಬರಿಗೂ ಸಲೀಸಾಗಿ ತಿಳಿಯಿತು. ಅನುವಾದ ಮಾಡಲು ಹೋದ ನನಗೆ "ನೀ ಸುಮ್ಕಿರು, ಅವರು ಹೇಳೂದು ಕೇಳಸ್ಲಿ" ಎಂದಳು ವೈನಿ. ನಾನು ಹೆಮ್ಮೆಯಿಂದ ಎರಡನೆಯ ಸಂದೇಶ್ ತಿಂದೆ.

ಆಗ ಟುಕುನ್ ನಿದ್ದೆಯಿಂದ ಎದ್ದು ಬಂದಳು. ಎರಡು ವರ್ಷದ ಪೋರಿ. ಹೊಸ ಅಜ್ಜಿಯನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ನೇರ ನಡೆದು ಬಂದು ವೈನಿಯ ಮುಂದೆ ನಿಂತು ತೋಳೆತ್ತಿದಳು.

ವೈನಿಯ ಎರಡೂ ಕೈಗಳು ಸರಕ್ಕನೆ ಸೆರಗಿನೊಳಗೆ ಹೋದವು.

ನಾನು ಕಣ್ಣಾರೆ ನೋಡಿದೆ. ಎರಡು ವರ್ಷ ಕಲಿತದ್ದು ಆ ಒಂದು ಗಳಿಗೆಯನ್ನು ನೋಡಲಿಕ್ಕೇ ಎನಿಸಿತು. ಹಿಟ್ಟಿನ ಕೈಯಲ್ಲ, ಒರೆಸಿಕೊಳ್ಳಬೇಕಾದದ್ದೇನೂ ಇರಲಿಲ್ಲ. ಸೆರಗಿನೊಳಗೆ ಒಂದು ಕೈ ಇನ್ನೊಂದನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ವೈನಿ ಠಾಕುಮಾರ ಕಡೆ ನೋಡಿದಳು. ಆ ಕೋಣೆಯಲ್ಲಿ ಅವಳಿಗಿಂತ ನಾಲ್ಕು ವರ್ಷ ಹಿರಿಯರು ಅವರೊಬ್ಬರೇ.

ಠಾಕುಮಾ ಎರಡೂ ಕೈ ಬೀಸಿ, "ಕೋಲೆ ನಿನ್, ಕೋಲೆ ನಿನ್!" ಎಂದರು. ತೊಡೆಗೆ ತಗೊಳ್ಳಿ ಎಂದು.

ವೈನಿ ಎತ್ತಿಕೊಂಡಳು. ಮಗುವಿನ ನೆತ್ತಿಯನ್ನು ಮೂಸಿದಳು, ಆಮೇಲೆ ಅದರ ನಾಲ್ಕು ಎಳೆ ಕೂದಲನ್ನು ಬೆರಳಲ್ಲೇ ತೀಡಿ ನೇರ ಮಾಡತೊಡಗಿದಳು. ಹೊರಡುವ ತನಕ ಕೆಳಗಿಳಿಸಲಿಲ್ಲ.

ವಾಪಸು ಬರುವಾಗ ಮೆಟ್ರೊದಲ್ಲಿ ಹೆಂಗಸರ ಸೀಟಿನಲ್ಲಿ ಪಕ್ಕ ಪಕ್ಕ ಕೂತೆವು. ನನ್ನ ಕೈ ಎಂದಿನಂತೆ ತೊಡೆಯ ಕೆಳಗೆ. ಅವಳವು ಸೆರಗಿನಲ್ಲಿ. ಶ್ಯಾಮ್‌ಬಜಾರ್ ದಾಟಿದ ಮೇಲೆ ಕೇಳಿದೆ.

"ವೈನಿ, ನಾ ಜೋಕಾಲಿಯಿಂದ ಬಿದ್ದಾಗ ನೀ ನನ್ನ ಯಾಕ ಎತ್ತಿಕೊಳ್ಳಲಿಲ್ಲ?"

ಅವಳು ನನ್ನ ಗದ್ದವನ್ನು ನೋಡಿದಳು. ಯಾವ ಜೋಕಾಲಿ, ಯಾವಾಗ ಎಂದು ಕೇಳಲಿಲ್ಲ.

"ಮಾವನವ್ರು ಪಡಸಾಲ್ಯಾಗ ಕೂತಿದ್ರು. ಹಿರ್ಯಾರ ಮುಂದ ಎತ್ತಿಕೊಳ್ಳುಹಂಗ ಇದ್ದಿಲ್ಲಲ್ಲ."

"ಅದು ಗೊತ್ತು. ಆದ್ರ ಕೈ ಯಾಕ ಸೆರಗಿನ್ಯಾಗ ಸುತ್ತಿಕೊಂಡ ನಿಂತಿದ್ದಿ?"

ವೈನಿ ಇದೆಂಥ ದಡ್ಡ ಪ್ರಶ್ನೆ, ಇಷ್ಟು ಓದಿದ ಮಗಳಿಗೆ ಇದೂ ತಿಳಿಯುವುದಿಲ್ಲವೇ ಎನ್ನುವ ಹಾಗೆ ನನ್ನ ಕಡೆ ತಿರುಗಿದಳು.

"ಸುತ್ತಿಕೊಳ್ಳದಿದ್ರ ಅವು ತಾವಾ ಹೋಗಿ ಬಿಡ್ತಿದ್ದುವಲ್ಲ ತಂಗಿ" ಎಂದಳು.

ಗಾಡಿ ಯಾವುದೋ ಸ್ಟೇಷನ್ನಿನಲ್ಲಿ ನಿಂತು ಜನ ಇಳಿದು ಜನ ಹತ್ತಿದರು. ತೊಡೆಯ ಕೆಳಗೆ ಜೋಮು ಹಿಡಿದಿದ್ದ ನನ್ನ ಕೈಗಳು ಹೊರಗೆ ಬಂದು, ಅವಳ ಸೆರಗನ್ನು ಸರಿಸಿ, ಒಳಗಿದ್ದ ಆ ಒರಟು ಕೈಗಳನ್ನು ಹಿಡಿದುಕೊಂಡವು. ನಾನು ಕಳಿಸಿದ್ದಲ್ಲ, ತಾವೇ ಹೋದವು.

"ಮಂದಿ ನೋಡ್ಲಿಕತ್ತಾರ" ಎಂದಳು ವೈನಿ.

ಕೈ ಬಿಡಿಸಿಕೊಳ್ಳಲಿಲ್ಲ.